ಪೂಜಾಳ ಪೀಠಿಕೆ

ರೋಣದ ಹಾಸ್ಟೆಲಿನಲ್ಲಿ ಭಾಗ್ಯಾ ಮತ್ತು ಪೂಜಾ ಒಂದೇ ಕೋಣೆಯಲ್ಲಿದ್ದರು. ಪಿಯುಸಿ ಎರಡನೇ ವರ್ಷ. ಪೂರ್ವಸಿದ್ಧತಾ ಪರೀಕ್ಷೆಯ ನಂತರ ಇಬ್ಬರ ನಡುವೆ ಮಾತಿರಲಿಲ್ಲ. ಒಬ್ಬಳು ಒಳಗೆ ಬಂದರೆ ಇನ್ನೊಬ್ಬಳು ಬಕೆಟ್ ಹಿಡಿದು ಹೊರಗೆ ಹೋಗುತ್ತಿದ್ದಳು.

ಅದಕ್ಕೂ ಮೊದಲು ರಾಜ್ಯಶಾಸ್ತ್ರವನ್ನು ಪಾಲು ಮಾಡಿಕೊಂಡು ಓದುತ್ತಿದ್ದರು. ಹತ್ತು ಅಂಕದ ಉತ್ತರ ಹೇಗಿರಬೇಕೆಂದು ತೋಟಪ್ಪ ಸರ್ ಹೇಳಿಕೊಟ್ಟಿದ್ದರು. "ಪೀಠಿಕೆ ಅಂದ್ರ ತಲಿ, ಅಂಶಗಳು ಹೊಟ್ಟಿ, ಉಪಸಂಹಾರ ಕಾಲು. ತಲಿ ಸಣ್ಣದಿರ್ಲಿ, ಹೊಟ್ಟಿ ದೊಡ್ಡದಿರ್ಲಿ. ತಿಳೀಲಿಲ್ಲಂದ್ರ ನನ್ನ ನೋಡ್ರಿ" ಎಂದು ತಮ್ಮ ದೊಡ್ಡ ಹೊಟ್ಟೆ ತಟ್ಟಿಕೊಂಡಿದ್ದರು.

ಪೂಜಾಳಿಗೆ ಚೆಂದದ ಮಾತು ಬರುತ್ತಿತ್ತು. ತಲೆ, ಕಾಲು ಅವಳ ಪಾಲು. ಭಾಗ್ಯಾಳಿಗೆ ನೆನಪು ಗಟ್ಟಿ, ಹೊಟ್ಟೆ ಅವಳದು. ಸಂಜೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಒಬ್ಬಳು ನಿಲ್ಲಿಸಿದಲ್ಲಿಂದ ಇನ್ನೊಬ್ಬಳು ಒಪ್ಪಿಸುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಒಬ್ಬರದನ್ನೊಬ್ಬರು ಕಲಿತರಾಯಿತು ಎಂದುಕೊಂಡಿದ್ದರು. ಹಾಗೆ ಪೂರ್ತಿ ಕಲಿತದ್ದು ಒಂದೇ ಉತ್ತರ, ಗ್ರಾಮಸಭೆಯದು.

ಪೂರ್ವಸಿದ್ಧತಾ ಪರೀಕ್ಷೆಗೆ ಅದೇ ಬಂತು. ಸರ್ ಇಬ್ಬರ ಉತ್ತರಪತ್ರಿಕೆಗಳನ್ನೂ ಹಿಡಿದು ತರಗತಿಯಲ್ಲಿ ನಿಂತರು.

"ಪೂಜಾ, ನೀ ಯಾವ ಊರಾಕಿ?"

"ಇಟಗಿ ರೀ ಸರ್."

"ಮತ್ತ 'ನಮ್ಮೂರು ಅಸೂಟಿಯಲ್ಲಿ ಗುಡಿಯ ಕಟ್ಟೆಯ ಮೇಲೆ ಗ್ರಾಮಸಭೆ ಸೇರುತ್ತದೆ' ಅಂತ ಬರದೀಯಲ್ಲ. ಅಸೂಟಿ ಕಟ್ಟಿ ಮ್ಯಾಲ ನಿನಗೇನ ಕೆಲಸ?"

ಎಲ್ಲರೂ ನಕ್ಕರು. ಅಸೂಟಿ ಭಾಗ್ಯಾಳ ಊರು. ಆ ಉದಾಹರಣೆ ಅವಳ ಅಂಶಗಳಲ್ಲಿತ್ತು. ಪೂಜಾ ಊರಿನ ಹೆಸರನ್ನೂ ಬದಲಿಸದೆ ಬಾಯಿಪಾಠ ಮಾಡಿದ್ದಳು.

"ಇಬ್ರೂ ಕಲ್ಲಿನ ಮ್ಯಾಲ ಕುಂತು ಕೂಡಿ ಓದಿದ್ವಿ" ಎಂದಿದ್ದರೆ ಮುಗಿಯುತ್ತಿತ್ತು. ಪೂಜಾ ನೆಲ ನೋಡುತ್ತ, "ಅಕಿನಽ ನನಗ ಪೇಪರ್ ತೋರಿಸಿದ್ಲ್ರಿ" ಎಂದಳು. ಇಬ್ಬರಿಗೂ ಸೊನ್ನೆ ಬಿತ್ತು.

ಸುದ್ದಿ ಮನೆಗೂ ಮುಟ್ಟಿತು. ಭಾಗ್ಯಾಳ ಅಣ್ಣ ರಾಯಣ್ಣ ಫೋನಿನಲ್ಲಿ, "ದೊಡ್ಡ ಪರೀಕ್ಷಾದಾಗ ಪಾಸಾದ್ರ ಡಿಗ್ರಿ. ಇಲ್ಲಂದ್ರ ಟ್ರಂಕ್ ತಗೊಂಡು ಮನಿಗೆ ಬಾ" ಎಂದ. ಬೈಯಲಿಲ್ಲ. ಬೈದಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಕಲ್ಲಿನ ಮೇಲೆ ಭಾಗ್ಯಾ ಒಬ್ಬಳೇ ಕೂತಳು. ಅಂಶಗಳು ಸರಾಗವಾಗಿ ಬರುತ್ತಿದ್ದವು. ಆದರೆ ಅವನ್ನು ಶುರು ಮಾಡಲು ಯಾರಾದರೂ ಮೊದಲು ಪೀಠಿಕೆ ಹೇಳಬೇಕಿತ್ತು. ಮುಗಿದ ಮೇಲೂ ಅವಳು ಅಭ್ಯಾಸಬಲದಿಂದ ಉಪಸಂಹಾರಕ್ಕಾಗಿ ಕಾಯುತ್ತಿದ್ದಳು. ಪೂಜಾ ಮಹಡಿಯ ಮೇಲೆ ಓದುತ್ತಿದ್ದಳು. ಅವಳ ದನಿಯೂ ಪೀಠಿಕೆ ಮುಗಿದಲ್ಲಿಗೆ ನಿಲ್ಲುತ್ತಿತ್ತು.

ವಾರ್ಷಿಕ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರವೇ ಕೊನೆಯ ಪೇಪರು. ಗ್ರಾಮ ಪಂಚಾಯಿತಿಯ ರಚನೆ ಮತ್ತು ಕಾರ್ಯಗಳನ್ನು ವಿವರಿಸಿ, ಹತ್ತು ಅಂಕ. ಭಾಗ್ಯಾಳಿಗೆ ಪೂಜಾಳ ಪೀಠಿಕೆ ನೆನಪಾಯಿತು. 'ಪ್ರಜಾಪ್ರಭುತ್ವದ ಬೇರುಗಳು ಹಳ್ಳಿಯ ಮಣ್ಣಿನಲ್ಲಿವೆ.' ಮುಂದಿನ ಬೆಂಚಿನಲ್ಲಿ ಪೂಜಾ ತಲೆ ಬಗ್ಗಿಸಿ ಅದನ್ನೇ ಬರೆಯುತ್ತಿರಬಹುದು. ಮತ್ತೆ ಎರಡು ಪತ್ರಿಕೆ ಒಂದೇ ಆಗುವುದು ಬೇಡ. ಅವಳು ಮೇಲೆ ಜಾಗ ಬಿಟ್ಟು ಅಂಶಗಳನ್ನು ಬರೆದಳು. ಕೊನೆಯ ಗಂಟೆ ಹೊಡೆಯುವ ಸ್ವಲ್ಪ ಮೊದಲು ಆ ಜಾಗದಲ್ಲಿ ಬರೆದಳು: 'ನಮ್ಮ ಓಣಿಗೆ ನೀರು ಬರದಿದ್ದರೆ ಜನ ಮೊದಲು ಗ್ರಾಮ ಪಂಚಾಯಿತಿಗೆ ಹೋಗುತ್ತಾರೆ.' ಕೆಳಗೆ: 'ಇಷ್ಟು ಕೆಲಸಗಳನ್ನು ಪಂಚಾಯಿತಿ ಮಾಡಬೇಕು. ಮಾಡದಿದ್ದರೆ ಕೇಳಬೇಕು.' ಚೆಂದ ಇರಲಿಲ್ಲ. ಆದರೆ ತಲೆ, ಕಾಲು ಎರಡೂ ಇದ್ದವು.

ಹಾಸ್ಟೆಲ್ ಖಾಲಿ ಮಾಡಿ ಹೊರಟಾಗ, ಬಸ್ ನಿಲ್ದಾಣದಲ್ಲಿ ಪೂಜಾ ಬಂದು ಭಾಗ್ಯಾ ಕೂತಿದ್ದ ಬೆಂಚಿನ ಮೇಲೆಯೇ ಕೂತಳು. ನಡುವೆ ಇಬ್ಬರ ಟ್ರಂಕುಗಳಿದ್ದವು.

"ಪೀಠಿಕೆ ನಂದಽ ಬರದಿಯೇನು?"

"ಇಲ್ಲ."

"ನಾ ತಲಿ ಕಾಲು ಬರದು ಬಂದೆ. ಹೊಟ್ಟಿ ನೆನಪ ಬರ್ಲಿಲ್ಲ." ನಗಲು ನೋಡಿದಳು. "ಕಾರ್ಯಗಳು ಯಾವುವು ಇದ್ವು ಹೇಳು ಲೇ."

ಇನ್ನು ಅದರಿಂದ ಏನೂ ಆಗಬೇಕಾಗಿರಲಿಲ್ಲ. ಆದರೂ ಭಾಗ್ಯಾ ಹೇಳಿದಳು. ಕುಡಿಯುವ ನೀರು, ರಸ್ತೆ, ಬೀದಿದೀಪ, ಚರಂಡಿ. ಪೂಜಾ ಒಂದೊಂದಕ್ಕೂ ತಲೆ ಆಡಿಸಿದಳು. ಎಲ್ಲ ಮುಗಿದ ಮೇಲೆ ಭಾಗ್ಯಾ ಕಾದಳು. ಪೂಜಾ ಅವತ್ತು ತರಗತಿಯಲ್ಲಿ ಆಡಿದ ಮಾತಿನ ಬಗ್ಗೆ ಏನಾದರೂ ಹೇಳುತ್ತಾಳೆ ಎಂದು ಕಾದಳು.

"ಇಟಗಿ ಬಸ್ ಬಂತು" ಎಂದು ಪೂಜಾ ಎದ್ದು ಟ್ರಂಕು ಎತ್ತಿಕೊಂಡಳು.

ಬಸ್ಸು ಹೋದ ಮೇಲೆ ಅಣ್ಣನ ಫೋನು ಬಂತು.

"ಹ್ಯಾಂಗ ಬರದಿ?"

"ಪೂರಾ ಬರದೀನಿ."

"ಪಾಸ್ ಆಗ್ತಿ?"

"ಆಗ್ತೀನಿ."

"ನಿನ್ನ ಜೋಡಿ ಯಾರದಾರ?"

"ಯಾರೂ ಇಲ್ಲ" ಎಂದಳು ಭಾಗ್ಯಾ. ಅಸೂಟಿಯ ಬಸ್ಸು ಇನ್ನೂ ಬಂದಿರಲಿಲ್ಲ.