ಬಿಟ್ಟುಹೋದ ‘ಅಂತೆ’

ನಮ್ಮ ಪುಕ್ಯುಪಾತದ ಆರೋಗ್ಯ ಕೇಂದ್ರದ ಮುಂದೆ ಜನ ಕಾಯುವುದು ಔಷಧಿಗಿಂತ ಹೆಚ್ಚಾಗಿ ಮಾತಿಗೆ. ರಾಜಧಾನಿ ಲಿಮಾದಿಂದ ಬರುವ ಡಾಕ್ಟರಿಗೆ ನಮ್ಮ ಬೆಟ್ಟದ ಮಾತು ಕೆಚುವಾ ಬರುವುದಿಲ್ಲ. ನಮ್ಮ ಅಜ್ಜಿಯರಿಗೆ ಸ್ಪ್ಯಾನಿಷ್ ಬರುವುದಿಲ್ಲ. ಹೊಟ್ಟೆನೋವೆಂದು ಹೋದವರು ಕಣ್ಣಿಗೆ ಬಿಡುವ ಹನಿ ಹಿಡಿದುಕೊಂಡು ಬಂದದ್ದುಂಟು. ಅದನ್ನು ಹೇಳಿಕೊಂಡು ನಾವೇ ನಕ್ಕದ್ದೂ ಉಂಟು. ಈಗ ಯಾರೂ ನಗುವುದಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ಸೆರಫಿನಾ ನನ್ನ ಪಕ್ಕದ ಮನೆಯವಳು. ಭಾನುವಾರದ ಸಂತೆಯಲ್ಲಿ ಚೀಸ್ ಮಾರುತ್ತಾಳೆ. ಚೀಸಿಗೆ ಸ್ಪ್ಯಾನಿಷ್‌ನಲ್ಲಿ ‘ಕೇಸೊ’ ಅನ್ನಬೇಕು. ಅವಳ ಬಾಯಲ್ಲಿ ಅದು ‘ಕೀಸು’ ಆಗುತ್ತದೆ. ನಮ್ಮೆಲ್ಲರ ಬಾಯಲ್ಲೂ ಅಷ್ಟೇ. ಒಮ್ಮೆ ಪಟ್ಟಣದ ಹೆಂಗಸೊಬ್ಬಳು, “ಇನ್ನೊಂದು ಸಲ ಹೇಳು, ನಮ್ಮ ಯಜಮಾನರೂ ಕೇಳಲಿ” ಎಂದು ಗಂಡನನ್ನು ಕೂಗಿ ಕರೆದಳು. ಇಬ್ಬರೂ ನಕ್ಕರು. ಚೀಸ್ ಕೊಳ್ಳಲಿಲ್ಲ. ಅವತ್ತು ಮನೆಗೆ ಬಂದವಳೇ ಸೆರಫಿನಾ ತೀರ್ಮಾನ ಮಾಡಿಬಿಟ್ಟಳು. ಅಂಬೆಗಾಲಿಡುತ್ತಿದ್ದ ಮಗಳು ನೆಲಿಡಾಳ ಕಿವಿಗೆ ಇನ್ನು ಮೇಲೆ ಕೆಚುವಾ ಬೀಳಕೂಡದು.

ಹಾಗಂತ ಅವಳಲ್ಲಿ ಇದ್ದ ಸ್ಪ್ಯಾನಿಷ್ ಎಷ್ಟು? ಬಾ, ತಿನ್ನು, ಮಲಗು, ಹೊಡೀತೀನಿ. ಅಷ್ಟರಲ್ಲೇ ಮಗಳನ್ನು ಸಾಕಿದಳು, ಶಾಲೆಗೂ ಪಟ್ಟಣಕ್ಕೇ ಕಳಿಸಿದಳು.

ನಮ್ಮ ಶಾಲೆಯ ಡೆಮೆತ್ರಿಯೊ ಮೇಷ್ಟ್ರು ಎರಡೂ ಭಾಷೆಯಲ್ಲಿ ಪಾಠ ಹೇಳುವವರು. ನೆಲಿಡಾಗೆ ಚರ್ಚಿನಲ್ಲಿ ಹೆಸರಿಟ್ಟಾಗ ಧರ್ಮಪಿತನಾಗಿ ನಿಂತವರೂ ಅವರೇ. ಆ ನಂಟಿನಿಂದ ಸೆರಫಿನಾ ಅವರಿಗೆ ‘ಕೊಂಪಾದ್ರೆ’ ಅನ್ನುತ್ತಾಳೆ, ಅವರು ಇವಳಿಗೆ ‘ಕೊಮಾದ್ರೆ’ ಅನ್ನುತ್ತಾರೆ. ಕಷಾಯ ಕುಡಿಯಲು ಬಂದಾಗಲೆಲ್ಲ ಇಬ್ಬರಿಗೂ ಇದೇ ಜಟಾಪಟಿ.

“ಕೊಮಾದ್ರೆ, ಕೂಸಿನ್ ಹತ್ರ ನಮ್ ಮಾತಾಡವ್ವ. ನಿನ್ ಸ್ಪ್ಯಾನಿಷ್ ನಂಬ್ಕೊಂಡು ಅದು ಎಷ್ಟು ದೂರ ಹೋದಾತು?”

“ನಿಮ್ಗೇನು ಕೊಂಪಾದ್ರೆ, ಎರಡನ್ನೂ ನೀರು ಕುಡ್ದಂಗೆ ಆಡ್ತೀರ. ನಾನ್ ಬಾಯ್ಬಿಟ್ರೆ ಸಂತೆಗ್ ಸಂತೇನೆ ಹಲ್ಲು ಕಿಸೀತದೆ.”

“ಅವ್ರು ನಕ್ಕಿದ್ದು ನಿಂಗೆ ಸ್ಪ್ಯಾನಿಷ್ ಸರ್ಯಾಗಿ ಬರಾಕಿಲ್ಲ ಅಂತ. ಕೆಚುವಾ ಬತ್ತದೆ ಅಂತ ಅಲ್ಲ.”

“ಒಂದ್ ತಲೇಲಿ ಎರಡು ಹೆಂಗ್ ಹಿಡಿಸ್ತದೆ? ಒಂದೇ ಬಟ್ಟೇಲಿ ಕುರಿಮರೀನೂ ಆಲೂಗಡ್ಡೇನೂ ಕಟ್ಕೊಂಡು ಬೆಟ್ಟ ಹತ್ತಕ್ಕಾತದಾ?”

“ದಿನಾ ನಿನ್ ಬೆನ್ ಮ್ಯಾಲೆ ಇರೋದು ಅದೇ ಅಲ್ವಾ?”

ಸೆರಫಿನಾಗೂ ನಗು ಬಂತು. ಆದರೆ ಪಟ್ಟು ಬಿಡಲಿಲ್ಲ.

ಮೇಷ್ಟ್ರು ಮತ್ತೆ ಹೇಳಿದರು: “ಮನೆ ಮಾತು ಗಟ್ಟಿ ಇರೋ ಮಕ್ಳೇ ನನ್ ತರಗತೀಲಿ ಸ್ಪ್ಯಾನಿಷ್ಷೂ ಬೇಗ ಕಲಿಯೋದು. ಕಣ್ಣಾರೆ ಕಂಡು ಹೇಳ್ತಾ ಇವ್ನಿ.”

“ಕಾಣ್ತಾ ಇರಿ. ನನ್ ಮಗ್ಳು ಬಿಳೀ ಕೋಟು ಹಾಕ್ಕೊಂಡು ಬರೋದ್ನೂ ಕಂಡೀರಿ.”

ಬಂದಳು. ಪಟ್ಟಣದಲ್ಲಿ ದಾದಿಯ ತರಬೇತಿ ಮುಗಿಸಿ, ಬಿಳಿ ಕೋಟು ಹಾಕಿಕೊಂಡು, ನಮ್ಮೂರ ಆರೋಗ್ಯ ಕೇಂದ್ರಕ್ಕೇ ಬಂದಳು. ಆ ಕೆಲಸಕ್ಕೆ ಎರಡೂ ಭಾಷೆ ಬಲ್ಲವರೇ ಬೇಕಾಗಿತ್ತು. “ನಿನಗೆ ಕೆಚುವಾ ಬರುತ್ತದೆ ಅಲ್ಲವೇ?” ಎಂದು ಕೇಳಿದ್ದರು. “ಬರುತ್ತೆ” ಅಂದಿದ್ದಳು. ಅದು ಸುಳ್ಳೇನೂ ಅಲ್ಲ. ಬನ್ನಿ, ಕೂತ್ಕೊಳ್ಳಿ, ಎಲ್ಲಿ ನೋವು, ಇಷ್ಟೆಲ್ಲ ಬೀದಿಯಲ್ಲಿ ಕೇಳಿ ಕೇಳಿ ಬರುತ್ತಿತ್ತು. ಈ ಊರಿನ ಹುಡುಗಿಯಲ್ಲವೇ ಎಂದು ಯಾರೂ ಅದಕ್ಕಿಂತ ಮುಂದೆ ಕೆದಕಲಿಲ್ಲ. ಊರಿಗೂ ಹೆಮ್ಮೆ. ಸೆರಫಿನಾ ನನ್ನನ್ನು ಕರೆದು ಆ ಕೋಟನ್ನು ಮುಟ್ಟಿಸಿದಳು.

ಆಲೂಗಡ್ಡೆ ಬಿತ್ತುವ ಕಾಲದಲ್ಲಿ ಒಂದು ದಿನ ಬೆಸಿಲಿಯಾ ಅಜ್ಜಿ ಮೊಮ್ಮಗಳು ಮಾರಿಲುವನ್ನು ಬೆನ್ನಿಗೆ ಕಟ್ಟಿಕೊಂಡು ಆರೋಗ್ಯ ಕೇಂದ್ರಕ್ಕೆ ಬಂದಳು. ಮಗುವಿಗೆ ಆರು ವರ್ಷ. ಹೆತ್ತವಳು ಲಿಮಾದಲ್ಲಿ ಮನೆಗೆಲಸಕ್ಕಿದ್ದಳು; ಮಗುವನ್ನು ಅಜ್ಜಿಯ ಬಳಿ ಬಿಟ್ಟು ಆಗಿನ್ನೂ ಕೆಲವೇ ತಿಂಗಳು. ಕೊಟ್ಟಿಗೆಯಲ್ಲಿ ತುಕ್ಕು ಹಿಡಿದ ಮೊಳೆ ಮಗುವಿನ ಅಂಗಾಲಿಗೆ ಹೊಕ್ಕಿತ್ತು.

ಡಾಕ್ಟರು ಗಾಯ ತೊಳೆಯುತ್ತಾ ನೆಲಿಡಾಗೆ ಹೇಳಿದರು: “ಧನುರ್ವಾಯುವಿನ ಲಸಿಕೆ ಪೂರ್ತಿ ಹಾಕಿಸಿದ್ದಾರೆಯೇ, ಕೇಳು.”

ನೆಲಿಡಾ ಬಂದಷ್ಟು ಕೆಚುವಾದಲ್ಲಿ ಕೇಳಿದಳು: “ಅಜ್ಜಿ, ಮಗು, ಸೂಜಿ, ಎಲ್ಲಾ ಆಯ್ತಾ?”

“ಲಿಮಾದಾಗೆ ಅವ್ರವ್ವ ಎಲ್ಲಾನೂ ಹಾಕ್ಸವ್ಳಂತೆ ಕಣವ್ವ.”

ನೆಲಿಡಾ ಡಾಕ್ಟರ ಕಡೆ ತಿರುಗಿದಳು. “ಹೌದು ಡಾಕ್ಟ್ರೇ, ಎಲ್ಲಾ ಹಾಕಿಸಿದ್ದಾರೆ.”

ಲಸಿಕೆಯ ಕಾರ್ಡು ಲಿಮಾದಲ್ಲೇ ಉಳಿದಿತ್ತು. ಡಾಕ್ಟರು ಆ ಮಾತನ್ನೇ ನಂಬಿದರು. ಗಾಯಕ್ಕೆ ಪಟ್ಟಿ ಕಟ್ಟಿ ಕಳಿಸಿದರು. ಸೂಜಿ ಚುಚ್ಚಲಿಲ್ಲವೆಂದು ಮಾರಿಲು ಖುಷಿಯಾಗಿ ಅಜ್ಜಿಯ ಬೆನ್ನೇರಿದಳು.

ಏನು ಬಿಟ್ಟುಹೋಯಿತು, ನೋಡಿದಿರಾ? ಓದುತ್ತಿರುವ ನಿಮಗೆ ಆಗಲೇ ಗೊತ್ತಾಗಿರುತ್ತದೆ. ನಿಮ್ಮ ಮಾತಿನಲ್ಲಿ ‘ಅಂತೆ’ ಇರುವ ಹಾಗೆ ನಮ್ಮ ಕೆಚುವಾದಲ್ಲೂ ಒಂದು ಬಾಲವಿದೆ. ಮಾತಿನ ಕೊನೆಗೆ ‘ಸ್’ ಎಂಬ ಸಣ್ಣ ಸದ್ದು, ಉಸಿರು ಬಿಟ್ಟಷ್ಟೇ. ನಾನು ಕಂಡದ್ದಲ್ಲ, ಯಾರೋ ಹೇಳಿದ್ದು ಎಂದು ಅದರ ಅರ್ಥ. ಅಜ್ಜಿ ಸುಳ್ಳು ಹೇಳಲಿಲ್ಲ. ತನಗೆ ಖಾತ್ರಿಯಿಲ್ಲ ಎಂಬುದನ್ನು ಆ ಒಂದು ಸದ್ದಿನಲ್ಲಿ ಹೇಳಿಯೇ ಇದ್ದಳು.

ಮುಂದಿನ ವಾರ ಮಗುವಿನ ದವಡೆ ಕಚ್ಚಿಕೊಂಡಿತು. ನೀರಿನ ಲೋಟ ಹಲ್ಲಿಗೆ ತಾಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಲಾರಿಯಲ್ಲಿ ಪಟ್ಟಣದ ಆಸ್ಪತ್ರೆಗೆ ಒಯ್ದರು. ಅಲ್ಲಿಯವರು ಕೈಲಾದದ್ದೆಲ್ಲ ಮಾಡಿದರು. ಮಾರಿಲು ಅದೇ ಲಾರಿಯಲ್ಲಿ ಊರಿಗೆ ವಾಪಸು ಬಂದಳು, ಬಿಳಿ ಬಟ್ಟೆಯಲ್ಲಿ.

ಲಿಮಾದಿಂದ ಬಂದ ತಾಯಿ ಹೆಣದ ಕಾಲ ಬಳಿ ಕೂತು ಒಂದೇ ಮಾತು ಕೇಳುತ್ತಿದ್ದಳು: “ಹಾಕ್ಸಿವ್ನಿ ಅಂತ ಯಾರ್ ಹೇಳಿದ್ರವ್ವ? ಕೆಲ್ಸ ಬಿಟ್ಟು ಹೋಗಕ್ಕಾಗ್ಲಿಲ್ಲ. ಅರ್ಧಕ್ಕೇ ನಿಂತೋಯ್ತು.”

“ನಿಮ್ಮಣ್ಣ ಬಂದಾಗ ಹೇಳ್ದ” ಅಂದಳು ಬೆಸಿಲಿಯಾ. “ಅದ್ಕೇ ನಾನು ಹಾಕ್ಸವ್ಳಂತೆ ಅಂದೆ. ಹಾಕ್ಸವ್ಳೆ ಅನ್ಲಿಲ್ಲ. ಹಾಕ್ಸವ್ಳಂತೆ ಅಂದೆ.”

ನೆಲಿಡಾ ಬಾಗಿಲ ಬಳಿ ನಿಂತಿದ್ದಳು. ಅಜ್ಜಿ ಮತ್ತೆ ಮತ್ತೆ ಹೇಳುತ್ತಿದ್ದ ಆ ಮಾತು ಅವಳ ಕಿವಿಗೂ ಬಿತ್ತು. ಪಕ್ಕದಲ್ಲಿದ್ದ ಮೇಷ್ಟ್ರನ್ನು ಸ್ಪ್ಯಾನಿಷ್‌ನಲ್ಲಿ ಕೇಳಿದಳು: “ಎರಡೂ ಒಂದೇ ತಾನೇ, ಮೇಷ್ಟ್ರೇ?”

ಸ್ಪ್ಯಾನಿಷ್ ಅರ್ಥವಾಗುವ ನಾಲ್ಕೈದು ಜನ ಅಲ್ಲಿದ್ದೆವು. ನೆಲಿಡಾ ಮೇಷ್ಟ್ರ ಮುಖವನ್ನೂ ನಮ್ಮ ಮುಖಗಳನ್ನೂ ಒಂದೊಂದಾಗಿ ನೋಡಿದಳು. ಅವಳಿಗೆ ಗೊತ್ತಾಗಿಹೋಯಿತು.

ಬೆಸಿಲಿಯಾ ತಲೆಯೆತ್ತಿ ಅವಳನ್ನೇ ನೋಡುತ್ತಾ ಏನೋ ಅಂದಳು.

“ಏನಂದ್ರು ಅಮ್ಮಾ?” ಎಂದು ನೆಲಿಡಾ ತಾಯಿಯನ್ನು ಕೇಳಿದಳು. “ಬೈದ್ರಾ?”

ಸೆರಫಿನಾ ಏನೋ ಒಂದು ಹೇಳಿ ತೇಲಿಸಬಹುದಿತ್ತು. ತೇಲಿಸಲಿಲ್ಲ. ಸಂತೆಯಲ್ಲಿ ಜನ ನಕ್ಕ ಅದೇ ಮುರುಕು ಸ್ಪ್ಯಾನಿಷ್‌ನಲ್ಲಿ, ಒಂದು ಅಕ್ಷರವನ್ನೂ ಬಿಡದೆ ಹೇಳಿದಳು: “ಅಜ್ಜಿ ಹೇಳೋದು, ಈ ಹುಡುಗಿ ತಪ್ಪು ಇಲ್ಲ. ಈ ಹುಡುಗಿಗೆ ಮಾತು ಕೊಡದೆ ಸಾಕಿದ್ದು ಯಾರು, ಅವಳ ತಪ್ಪು.”

ಸೆರಫಿನಾಗೆ ಈಗ ಯಾರೂ ಏನೂ ತಿಳಿಹೇಳಬೇಕಾಗಿಲ್ಲ. ಅವಳಿಗೆ ಮನವರಿಕೆಯಾಗಿದೆ. ಅದಕ್ಕೆ ಒಂದು ಮಗುವಿನ ಜೀವ ಬೇಕಾಯಿತು.

ನೆಲಿಡಾ ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ಡಾಕ್ಟರು ಹಳ್ಳಿಯಲ್ಲಿ ಕಡ್ಡಾಯವಾಗಿ ಕಳೆಯಬೇಕಿದ್ದ ತಮ್ಮ ಒಂದು ವರ್ಷ ಮುಗಿಸಿ ಹೊರಟುಹೋದರು. “ನಾನು ಇನ್ನೊಂದು ಸಲ ಕೇಳಿಸಬೇಕಿತ್ತು” ಎಂದು ಹೋಗುವಾಗ ಮೇಷ್ಟ್ರ ಹತ್ತಿರ ಅಂದರು. ಅವರ ಜಾಗಕ್ಕೆ ಬಂದವರಿಗೂ ಕೆಚುವಾ ಬರುವುದಿಲ್ಲ. ಬೆಸಿಲಿಯಾ ಕಾಯಿಲೆ ಬಿದ್ದರೂ ಆ ಬಾಗಿಲು ತುಳಿಯುವುದಿಲ್ಲ. ಬಿಳಿ ಕೋಟು ಸೆರಫಿನಾಳ ಮನೆಯ ಗೂಟದಲ್ಲಿ ನೇತಾಡುತ್ತಾ ಹೊಗೆ ಕುಡಿಯುತ್ತಿದೆ.

ಮೊನ್ನೆ ಸಂಜೆ ಕೆಂಡಕ್ಕೆಂದು ಅವರ ಮನೆಗೆ ಹೋಗಿದ್ದೆ. ಸೆರಫಿನಾ ಒಲೆಯ ಮುಂದೆ, ನೆಲಿಡಾ ದೊಡ್ಡವಳಾದ ಮೇಲೆ ಹುಟ್ಟಿದ ಕಿರಿ ಮಗಳು ಯೂಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆಚುವಾದಲ್ಲಿ ಕಥೆ ಹೇಳುತ್ತಿದ್ದಳು. ನೆಲಿಡಾಗೆ ಅವಳು ಒಂದು ಕಥೆಯನ್ನೂ ಹೇಳಿರಲಿಲ್ಲ. ಕಥೆ ಹೇಳುವಷ್ಟು ಸ್ಪ್ಯಾನಿಷ್ ಅವಳಲ್ಲಿ ಇರಲಿಲ್ಲವಲ್ಲ.

“ಒಂದು ನರಿ ಇತ್ತಂತೆ. ಅದ್ಕೆ ಹಸಿವಾಯ್ತಂತೆ. ಬೆಟ್ಟ ಇಳ್ದು ಬಂತಂತೆ.”

ಗೋಡೆಗೊರಗಿ ಕೂತಿದ್ದ ನೆಲಿಡಾಳ ತುಟಿ ಆಡುತ್ತಿತ್ತು. ತಾಯಿ ಹೇಳಿದ್ದನ್ನೇ ಸದ್ದಿಲ್ಲದೆ ಹೇಳಿಕೊಳ್ಳುತ್ತಿದ್ದಳು. ಇತ್ತಂತೆ. ಆಯ್ತಂತೆ. ಬಂತಂತೆ. ನಾನು ಕೆಂಡ ತೆಗೆದುಕೊಳ್ಳದೆ ಹಾಗೆಯೇ ಹಿಂದಿರುಗಿದೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಾತು ಯಾವುದೇ ಇರಲಿ, ಅದನ್ನು ಮಕ್ಕಳಿಗೆ ಪೂರ್ತಿಯಾಗಿ ಕೊಡಿ. ಬಾ, ತಿನ್ನು, ಮಲಗು ಅನ್ನುವಷ್ಟು ಸಾಲದು. ಕಥೆ ಹೇಳಿ, ಜಗಳವಾಡಿ, ಲೆಕ್ಕ ಮಾಡಿಸಿ. ಶಾಲೆಯ ಮಾತನ್ನೂ ಚೆನ್ನಾಗಿ ಕಲಿಸಿ. ಒಂದು ಬಂದರೆ ಇನ್ನೊಂದು ಕೆಡುವುದಿಲ್ಲ. ಎರಡು ಭಾಷೆ ಬೇಕಾದ ಕೆಲಸಕ್ಕೆ ಜನರನ್ನು ಆರಿಸುವವರೇ, ಊರ ಹೆಸರು ನೋಡಿ ನಂಬಬೇಡಿ, ಎರಡರಲ್ಲೂ ಮಾತಾಡಿಸಿ ನೋಡಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವವರೇ, ಗೊತ್ತಾಗದಿದ್ದರೆ ನಾಚಿಕೆ ಬಿಟ್ಟು ಮತ್ತೆ ಕೇಳಿ. ಕಂಡದ್ದೋ, ಕೇಳಿದ್ದೋ ಎಂದು ಕೇಳಿ.

ನಮ್ಮೂರಲ್ಲಿ ಅದನ್ನು ಯಾರೂ ಕೇಳಲಿಲ್ಲ. ಮಾರಿಲು ಇದ್ದಿದ್ದರೆ ಈ ವರ್ಷ ಡೆಮೆತ್ರಿಯೊ ಮೇಷ್ಟ್ರ ತರಗತಿಯಲ್ಲಿ ಕೂರುತ್ತಿದ್ದಳು.