ಕೆಂಪು ಚಿಂದಿ

ಅಬ್ಬಿಗೆರೆಯ ಗಾರ್ಮೆಂಟ್ಸ್‌ನಲ್ಲಿ ಟಾಯ್ಲೆಟ್ಟಿನ ಬೀಗದ ಕೈ ಸೂಪರ್‌ವೈಸರ್ ಅನಂತರಾಜುವಿನ ಸೊಂಟದಲ್ಲಿ. ಊಟದ ಬೆಲ್ಲಿಗೆ ಮೊದಲು ಕೇಳಿದರೆ ಬೈಗುಳ. ಅದಕ್ಕೇ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಉರಿಮೂತ್ರ, ಜ್ವರ ಹತ್ತಿಕೊಂಡಿತ್ತು.

ಟೈಲರ್ ನೀಲಕ್ಕ ಬಿಜಾಪುರದ ಕಡೆಯವಳು. ಊಟದ ಹೊತ್ತಿನಲ್ಲಿ ಒಬ್ಬೊಬ್ಬರ ಪಕ್ಕ ಕೂತು, ಗುಟ್ಟಾಗಿ ವಿಚಾರಿಸಿ, ಮ್ಯಾನೇಜರನ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ಮೂರು ಮಂದ್ಯಾಗ ಇಬ್ಬರಿಗೆ ಈ ಬ್ಯಾನಿ ಐತ್ರಿ."

"ಬಾಯಿಗೆ ಬಂದಿದ್ ಹೇಳ್ಬೇಡಮ್ಮ, ಹೋಗು," ಎಂದ ಮ್ಯಾನೇಜರ್.

ಆಮೇಲೆ ಆಫೀಸಿನ ಸ್ಮಿತಾ ಬಂದಳು. ನೀಲಕ್ಕನ ಬಾಯಿಂದಲೇ ಎಲ್ಲ ಕೇಳಿಕೊಂಡು ಹೋಗಿ, ಪರದೆಯ ಮೇಲೆ ಆ ಲೆಕ್ಕವನ್ನು ಬಣ್ಣದ ಚಕ್ರವಾಗಿ ಬಿಡಿಸಿ ತೋರಿಸಿದಳು. ಅದೇ ಮಾತು, ಅದೇ ಮೂರರಲ್ಲಿ ಇಬ್ಬರು. ಮ್ಯಾನೇಜರ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಸ್ಮಿತಾಳಿಗೆ ಶಾಲು ಹೊದಿಸಿದರು. ಬಾಗಿಲಲ್ಲಿ ನಿಂತು ನೋಡಿದ ನೀಲಕ್ಕನ ಹೊಟ್ಟೆ ಧಗಧಗ ಉರಿಯಿತು. ನೋವು ತಮ್ಮದು, ಶಾಲು ಅವಳಿಗೆ!

ಬೀಗ ತೆಗೆದರೇ? ಎಲ್ಲಿಯ ಮಾತು! ಚಕ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಟಾಯ್ಲೆಟ್ಟಿನ ಬಾಗಿಲಿಗೆ ಅಂಟಿಸಿದರು. ಬೀಗ ಅದರ ಪಕ್ಕದಲ್ಲೇ ನೇತಾಡುತ್ತಿತ್ತು.

"ಚೆನ್ನಾಗೈತೆ ಕಣಕ್ಕ ಚಿತ್ರ," ಎಂದಳು ಪಕ್ಕದ ಮಿಷನ್ನಿನ ವೆಂಕಟಲಕ್ಷ್ಮಮ್ಮ.

"ಸುಡ್ಲಿ ಅದರ ಚಂದ."

ಅಷ್ಟರಲ್ಲಿ ಮುಂದಿನ ಸಾಲಿನ ಮಿಷನ್ನೊಂದು ಕೆಟ್ಟು ನಿಂತಿತು. ಅಲ್ಲಿನ ಪದ್ಧತಿಯಂತೆ ಅದಕ್ಕೊಂದು ಕೆಂಪು ಚಿಂದಿ ಕಟ್ಟಿದರು. ಮೆಕ್ಯಾನಿಕ್ ಓಡಿ ಬಂದ, ಎಣ್ಣೆ ಬಿಟ್ಟ, ಒರೆಸಿದ. ನೀಲಕ್ಕನಿಗೆ ಈಗ ಮಿಷನ್ ಮೇಲೂ ಹೊಟ್ಟೆಕಿಚ್ಚು ಬಂತು.

"ನೋಡವಾ, ಕಬ್ಬಿಣಕ್ಕಿರೋ ಕಿಮ್ಮತ್ತು ನಮಗಿಲ್ಲ. ನಾವೂ ಕಟ್ಟಿಕೊಳ್ಳೂಣು."

ಬಟ್ಟೆ ಕೊಳ್ಳುವ ಕಂಪನಿಯವರು ನೋಡಲು ಬಂದ ದಿನ, ಕಾಯಿಲೆ ಬಿದ್ದವರೆಲ್ಲ ತೋಳಿಗೆ ಕೆಂಪು ಚಿಂದಿ ಕಟ್ಟಿಕೊಂಡು ಹೊಲಿಯುತ್ತಿದ್ದರು. ಸಾಲಿಗೆ ಸಾಲೇ ಕೆಂಪು. ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ರೀ ಇದು?" ಎಂದ ಅವರಲ್ಲೊಬ್ಬ.

"ಹಬ್ಬ ಸಾರ್, ಲೇಡೀಸ್ ಹಬ್ಬ," ಅನಂತರಾಜು ತಡವರಿಸಿದ. "ಏಯ್, ಬಿಚ್ರೇ ಎಲ್ಲ!"

ಒಬ್ಬಳೂ ಬಿಚ್ಚಲಿಲ್ಲ. ಹಿಂದಿನಿಂದ ಸ್ಮಿತಾ ಫೋಟೋ ತೆಗೆಯಲು ಮೊಬೈಲ್ ಎತ್ತಿದಳು.

"ಬ್ಯಾಡ್ರಿ ಮೇಡಮ್ಮರ. ಇದು ನಮ್ಮ ಚಿತ್ರ. ನಾವ ತೋರಿಸ್ತೀವಿ," ಎಂದಳು ನೀಲಕ್ಕ. ಎದ್ದು ಬಂದು ಅನಂತರಾಜುವಿನ ಮುಂದೆ ಕೈ ಚಾಚಿದಳು. "ಕೆಟ್ಟ ಮಿಷನ್ನಿಗೆ ಕೆಂಪು ಕಟ್ತೀರಲ್ರಿ, ನಾವೂ ಕೆಟ್ಟೀವಿ. ಕೀಲಿಕೈ ಕೊಡ್ರಿ."

ಅವಳ ಹಿಂದೆ ಮಿಷನ್‌ಗಳು ಒಂದೊಂದಾಗಿ ನಿಂತವು.