ಒಂಬತ್ತನೆಯ ಬಾಗಿಲು

"ಇನ್ನೂ ಎಷ್ಟಿವೆ, ಕೊಮಾದ್ರೆ?" ಆರನೆಯ ಚೀಟಿಯ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕುಳಿತ ಚಾಯೊ ಕೇಳಿದಳು. "ದೆವ್ವಗಳಿಗೇನು, ಹಾರ್ಕೊಂಡು ಹೋಗ್ತವೆ. ನನ್ನ ಮಂಡಿ ಕೇಳ್ಬೇಕಲ್ಲ."

"ಮೂರು," ಎಂದಳು ಮಾರಿಕ್ರುಸ್. ಕಣ್ಣು ಫೋನಿನ ಮೇಲೇ ಇತ್ತು. ಇಯರ್‌ಫೋನಿನ ತಂತಿಯ ಒಂದು ತುದಿ ಅವಳ ಕಿವಿಯಲ್ಲಿ, ಇನ್ನೊಂದು ಚಾಯೊಳ ಕಿವಿಯಲ್ಲಿ. ಗಂಟೆಗೋಪುರದಿಂದ ಬಿದ್ದು ಸತ್ತ ಪಾದ್ರಿಯೊಬ್ಬನ ಕಥೆಯನ್ನು ಗಡಸು ದನಿಯ ಗಂಡಸೊಬ್ಬ ಬೇಕೆಂದೇ ಎಳೆದೆಳೆದು ಹೇಳುತ್ತಿದ್ದ. ಮುಗಿಯುವವರೆಗೂ ಅಲ್ಲಾಡುವಂತಿರಲಿಲ್ಲ.

ಹೋದ ತಿಂಗಳು ಪ್ರವಾಸೋದ್ಯಮ ಆಫೀಸಿನವರು ಸಕಾತೇಕಾಸ್ ಊರಿನ ಹಳೆಯ ಗೋಡೆಗಳಿಗೆ ಒಂಬತ್ತು ಚೌಕದ ಚೀಟಿಗಳನ್ನು ಅಂಟಿಸಿ ಹೋಗಿದ್ದರು. ಚೀಟಿಗೆ ಫೋನು ಹಿಡಿದರೆ ಆ ಜಾಗದ ದೆವ್ವದ ಕಥೆ ಕೇಳಿಸುತ್ತದೆ. ದಾರಿ ತೋರಿಸುವವರು ಬೇಡ, ಇಷ್ಟ ಬಂದ ಹೊತ್ತಿಗೆ ತಮ್ಮ ಪಾಡಿಗೆ ತಾವು ನಡೆಯಬಹುದು. ಆದರೆ ಒಂದು ಕಟ್ಟುಪಾಡು: ಒಂದನೆಯದನ್ನು ನಿಂತು ಪೂರ್ತಿ ಕೇಳಿದ ಮೇಲೇ ಎರಡನೆಯದು ತೆರೆದುಕೊಳ್ಳುತ್ತದೆ. ಒಂಬತ್ತನೆಯ ಚೀಟಿ ಅಂಟಿದ್ದು ಮಾರಿಕ್ರುಸ್‌ಳ ಮನೆಯ ಬಾಗಿಲ ಪಕ್ಕದ ಗುಲಾಬಿ ಕಲ್ಲಿಗೆ. ತನ್ನ ಹೊಸಿಲಲ್ಲಿ ನಿಂತು ಏನು ಹೇಳುತ್ತಾರೆಂದು ಕೇಳಲು ಅವಳು ಇಡೀ ಊರು ಸುತ್ತಿ ಬರಬೇಕಾಗಿತ್ತು.

ಮೊದಮೊದಲು ಅವಳು ಗಮನಿಸಿರಲಿಲ್ಲ. ಬಾಗಿಲಲ್ಲಿ ಒಲೆಯಿಟ್ಟು ಜೋಳದ ದಪ್ಪ ರೊಟ್ಟಿ ಸುಡುವವಳಿಗೆ ಬೀದಿಯಲ್ಲಿ ಜನ ನಿಂತರೆ ಒಳ್ಳೆಯದೇ. ಆದರೆ ಇವರು ರೊಟ್ಟಿಯನ್ನು ನೋಡುತ್ತಿರಲಿಲ್ಲ. ಅವಳ ಹೆಗಲ ಮೇಲಿಂದ ಒಳ ಅಂಗಳವನ್ನು ನೋಡಿ, ಎದೆಯ ಮೇಲೆ ಶಿಲುಬೆ ಎಳೆದುಕೊಂಡು ಹೋಗುತ್ತಿದ್ದರು. ಮೊನ್ನೆ ಒಬ್ಬ ಹೆಂಗಸು ಕಿವಿಯ ತಂತಿಯನ್ನೂ ತೆಗೆಯದೆ ಕೇಳಿದ್ದಳು: "ಆ ಸಂಪು ಈಗಲೂ ಇದೆಯಾ?" ಮಾರಿಕ್ರುಸ್‌ಳ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೆಂಡಕ್ಕೆ ಬಿದ್ದಿತ್ತು.

"ಹೋಗಿ ಕೇಳೋಣ, ಆಮೇಲೆ ಆಫೀಸಿಗೆ ನುಗ್ಗಿ ತೆಗೆಸೋಣ," ಎಂದಿದ್ದವಳು ಚಾಯೊ. ಮಾರಿಕ್ರುಸ್‌ಳ ಮಗಳು ಅಂಪಾರೊಳನ್ನು ಜ್ಞಾನಸ್ನಾನಕ್ಕೆ ಎತ್ತಿ ಹಿಡಿದಿದ್ದವಳು ಅವಳೇ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. "ನಾನು ಎತ್ತಾಡಿಸಿದ ಮಗೂನ ದೆವ್ವ ಮಾಡೋಕೆ ಇವರ್ಯಾರು?"

ಅಂಪಾರೊ ಹೋಗಿ ಹನ್ನೊಂದು ವರ್ಷ. ಆಗ ಅವಳಿಗೆ ನಾಲ್ಕು. ಅದೊಂದು ಶುಕ್ರವಾರ ಬೆಳಿಗ್ಗೆ ಮಾರಿಕ್ರುಸ್ ಸಂಪಿನಿಂದ ಬಿಂದಿಗೆ ತುಂಬ ನೀರು ಸೇದಿ, ನೆನೆದ ಜೋಳದ ಬಕೆಟ್ಟು ಹೊತ್ತು ಗಿರಣಿಗೆ ಹೋಗಿದ್ದಳು. ಸರದಿ ಉದ್ದವಿತ್ತು. ಹಿಂದಿರುಗಿದಾಗ ಮುಚ್ಚಳ ತೆರೆದಿತ್ತು. ಆ ರಾತ್ರಿ ಅತ್ತೆ ದೋನ್ಯಾ ಎವುಫೆಮಿಯಾ ಎಲ್ಲರ ಮುಂದೆ ಒಂದೇ ಒಂದು ಸಲ ಕೇಳಿದ್ದರು: "ಕೊನೆಗೆ ನೀರು ಸೇದಿದ್ದು ನೀನಲ್ವಾ?" ಒಂದು ಸಲವೇ ಸಾಕಾಯಿತು. ಗಂಡ ನಸಾರಿಯೊ ಏನೂ ಅನ್ನಲಿಲ್ಲ. ಉತ್ತರದ ಗಣಿಗೆ ಕೆಲಸಕ್ಕೆ ಹೋದವನು ವರ್ಷಕ್ಕೆರಡು ಸಲ ಬರುತ್ತಾನೆ, ಈಗಲೂ ಏನೂ ಅನ್ನುವುದಿಲ್ಲ. ಮುಚ್ಚಿದ್ದೂ ಅವಳಿಗೆ ನೆನಪಿಲ್ಲ, ಬಿಟ್ಟಿದ್ದೂ ನೆನಪಿಲ್ಲ. ನೆನಪಿಲ್ಲದ ಮೇಲೆ ತಪ್ಪು ತನ್ನದೇ ಎಂದು ಅದನ್ನು ಮಡಿಲಿಗೆ ಕಟ್ಟಿಕೊಂಡಿದ್ದಳು. ಅಂದಿನಿಂದ ಮುಚ್ಚಳ ಎಳೆದಾಗಲೆಲ್ಲ ಅಂಗೈಯಿಂದ ಮೂರು ಸಲ ತಟ್ಟುತ್ತಾಳೆ. ಕೂತಿದೆ ಎಂದು ಕಣ್ಣಿಗೆ ಕಂಡರೂ ಕೈಗೆ ನಂಬಿಕೆ ಬರಬೇಕು.

ಏಳನೆಯದರಲ್ಲಿ ತಲೆಯಿಲ್ಲದ ಸಿಪಾಯಿ. ಎಂಟನೆಯದರಲ್ಲಿ ನೇಣು ಹಾಕಿಕೊಂಡ ಬೆಳ್ಳಿ ವ್ಯಾಪಾರಿ.

"ಈ ಊರಲ್ಲಿ ನೆಟ್ಟಗೆ ಹಾಸಿಗೇಲಿ ಸತ್ತೋರು ಒಬ್ರೂ ಇಲ್ವೇನೇ?" ಎಂದಳು ಚಾಯೊ. ಮಾರಿಕ್ರುಸ್ ತಂತಿ ಸುತ್ತಿಕೊಂಡು ಮುಂದೆ ನಡೆದಳು. ಇಳಿಜಾರಿನ ಓಣಿಯಲ್ಲಿ ತಣ್ಣನೆಯ ಗಾಳಿ ಎದುರಾಯಿತು.

ಅವಳ ಬಾಗಿಲ ಎದುರು ಆಗಲೇ ಇಬ್ಬರು ಕಾಲೇಜು ಹುಡುಗಿಯರು ಚೀಟಿಯ ಮುಂದೆ ನಿಂತಿದ್ದರು. ತನ್ನ ಮನೆಯೆದುರು ತಾನೇ ಪರವೂರಿನವಳಂತೆ ಸರದಿ ಕಾದು, ಮಾರಿಕ್ರುಸ್ ಫೋನು ಹಿಡಿದಳು.

"ಇನ್ನೂರು ವರ್ಷದ ಹಿಂದೆ," ಎಂದಿತು ದನಿ, "ಈ ಮನೆಯಲ್ಲಿ ಒಬ್ಬ ವಿಧವೆಯಿದ್ದಳು. ಇಡೀ ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲದ ಕೆಂಪು ಜೆರೇನಿಯಂ ಹೂಗಳು ಅವಳ ಅಂಗಳದ ಗೋಡೆಯ ಮೇಲೆ. ಒಂದು ಬೆಳಿಗ್ಗೆ ಸೊಸೆ ಸಂಪಿನಿಂದ ನೀರು ಸೇದಿದಳು, ಮುಚ್ಚಳ ಮುಚ್ಚಿದಳು, ಗಿರಣಿಗೆ ಹೋದಳು."

ಮುಚ್ಚಳ ಮುಚ್ಚಿದಳು. ಚಾಯೊಳ ಕೈ ಅವಳ ತೋಳನ್ನು ಹಿಡಿದುಕೊಂಡಿತು.

"ಸೊಸೆ ಹೋದ ಮೇಲೆ ವಿಧವೆ ಮುಚ್ಚಳ ಸರಿಸಿದಳು. ಗಿಡಗಳಿಗೆ ಒಂದು ಚೊಂಬು ನೀರು ಬೇಕಿತ್ತು, ಅಷ್ಟೇ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೂಗಿದರು. ಮಾತಿಗೆ ನಿಂತಳು. ಒಳಗೆ ಮೊಮ್ಮಗಳಿದ್ದಳು. ಮಗು ಸತ್ತ ಒಂಬತ್ತನೆಯ ದಿನ, ಆತ್ಮ ಮನೆಬಿಡಲೆಂದು ನೆಲದ ಮೇಲೆ ಬರೆದಿದ್ದ ಸುಣ್ಣದ ಶಿಲುಬೆಯನ್ನು ಐವರು ಒಂದೊಂದು ಭಾಗವಾಗಿ ಬಳಿದೆತ್ತುವಾಗ, ವಿಧವೆಯ ಪಾಲಿಗೆ ಬಂದ ಎಡದ ತೋಳನ್ನು ಅವಳು ಮುಟ್ಟಲಿಲ್ಲ. ಅದಕ್ಕೇ ಆ ಆತ್ಮ ಇನ್ನೂ ಈ ಮನೆ ಬಿಟ್ಟಿಲ್ಲ. ಸಂಜೆ ಹೊತ್ತು ಕಿವಿಗೊಟ್ಟು ನಿಲ್ಲಿ. ಸಂಪಿನ ಮುಚ್ಚಳವನ್ನು ಯಾರೋ ಮೂರು ಸಲ ತಟ್ಟುತ್ತಾರೆ."

ಹುಡುಗಿಯರು ಒಬ್ಬರನ್ನೊಬ್ಬರು ಅಂಟಿಕೊಂಡು ಕಿಸಿಕಿಸಿ ನಕ್ಕರು.

"ಎಡದ ತೋಳು ಎತ್ತಿದ್ದು ನಾನು," ಎಂದಳು ಚಾಯೊ. "ನಿಮ್ಮತ್ತೆ ಮಂಡಿ ನೋವು, ಬಗ್ಗೋಕಾಗಲ್ಲ ಅಂದ್ರು. ಒಂಬತ್ತು ದಿನ ಮಂಡಿಯೂರಿ ಜಪ ಮಾಡಿದೋರು! ಆ ಸುಣ್ಣಾನ ನಾನೇ ಬಳಿದು ಗೋರಿಗೆ ತಗೊಂಡು ಹೋದೆ. ಕೊಮಾದ್ರೆ, ಆ ಕೋಣೇಲಿ ಇದ್ದೋರಿಗೆ ಬಿಟ್ಟು ಇದು ಇನ್ಯಾರಿಗೂ ಗೊತ್ತಿಲ್ಲ."

ಹೋದ ಚಳಿಗಾಲದಲ್ಲಿ ಯಾರೋ ಬಂದು ಚರ್ಚಿನ ಅಂಗಳದಲ್ಲಿ ಮುದುಕ ಮುದುಕಿಯರನ್ನು ಕೂರಿಸಿ, ಬಿಸಿ ಚಾಕೊಲೇಟು ಕೊಟ್ಟು, ಹಳೇ ಮನೆಗಳ ಕಥೆ ಹೇಳಿಸಿ ರೆಕಾರ್ಡು ಮಾಡಿಕೊಂಡಿದ್ದರು. ಅತ್ತೆ ಅಂದು ಒಳ್ಳೆಯ ಶಾಲು ಹೊದ್ದು ಹೋಗಿದ್ದರು.

ಮಾರಿಕ್ರುಸ್‌ಳಿಗೆ ಇನ್ನೊಂದು ನೆನಪಾಯಿತು. ಆ ದಿನ ಮಗುವನ್ನೆತ್ತಿಕೊಂಡು ಓಡುವಾಗ ಗೋಡೆಯ ಬುಡದಲ್ಲಿ ಅವಳ ಕಾಲು ಜಾರಿತ್ತು. ಮಗುವಿನ ಮೈಯಿಂದ ಇಳಿದ ನೀರು ಅದು ಎಂದುಕೊಂಡಿದ್ದಳು. ಆದರೆ ಸಂಪು ಅಂಗಳದ ಆ ತುದಿಗೆ. ಗೋಡೆಯ ಮೇಲೆ ಹೂಕುಂಡಗಳಿದ್ದವು. ಕುಂಡಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಅವಳು ನೋಡಿದ್ದಳು. ಹನ್ನೊಂದು ವರ್ಷ ಅದು ಕಣ್ಣೊಳಗೇ ಇತ್ತು.

"ಒಳಗೆ ನಾನೂ ಬರ್ಲಾ?" ಚಾಯೊ ಕೇಳಿದಳು.

"ಬೇಡ. ಹೋಗು."

ಅತ್ತೆ ಅಂಗಳದ ಮೇಜಿನ ಮುಂದೆ ಕುಳಿತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು. ಸೊಸೆಯ ಕೊರಳಿಂದ ನೇತಾಡುತ್ತಿದ್ದ ತಂತಿಯನ್ನು ಕಂಡು ಬೆರಳು ನಿಂತಿತು.

"ಕೇಳಿದೆಯಾ?"

"ಕೇಳಿದೆ."

"ಚೀಟಿ ಅಂಟಿಸಿದ ದಿನದಿಂದ ಕಾಯ್ತಾ ಇದೀನಿ, ಇವತ್ತು ಕೇಳ್ತಾಳೆ, ನಾಳೆ ಕೇಳ್ತಾಳೆ ಅಂತ."

"ಟೇಪು ಹಿಡ್ಕೊಂಡು ಬಂದೋರಿಗೆ ಹೇಳಿದ್ರಿ," ಎಂದಳು ಮಾರಿಕ್ರುಸ್. "ನಾನು ಪಕ್ಕದ ಕೋಣೇಲೇ ಇದ್ನಲ್ಲ ಅತ್ತೆ. ಹನ್ನೊಂದು ವರ್ಷ. ನಡುವೆ ಒಂದು ಪರದೆ, ಅಷ್ಟೇ."

"ನಿನ್ನ ಮುಂದೆ ಎಷ್ಟು ಸಲ ಬಾಯಿ ತೆಗ್ದೆ. ಬರೀ ಕೆಮ್ಮು ಬರ್ತಿತ್ತು. ಅಲ್ಲಿ, ಇನ್ನೂರು ವರ್ಷದ ಹಿಂದೆ ಅಂತ ಶುರು ಮಾಡ್ದೆ ನೋಡು, ಆಮೇಲೆ ತಾನಾಗೇ ಬಂತು."

"ನಸಾರಿಯೊಗೆ?"

ಮುದುಕಿ ತಲೆಯಾಡಿಸಿದರು, ಇಲ್ಲವೆಂದು. "ನಂಗೆ ಬೈಯೇ ಹುಡುಗಿ. ಏನಾದ್ರೂ ಎತ್ತಿ ಹೊಡಿ."

ಮಾರಿಕ್ರುಸ್ ಎದುರಿನ ಕುರ್ಚಿಯಲ್ಲಿ ಕುಳಿತಳು. ಗೋಡೆಯ ಮೇಲೆ ಕುಂಡಗಳು ಸಾಲಾಗಿದ್ದವು, ಒಳಗೆ ಬಿರಿದ ಮಣ್ಣು ಮಾತ್ರ. ಮಗು ಹೋದ ಮೇಲೆ ಅತ್ತೆ ಗಿಡ ಒಣಗಿಸಿದ್ದನ್ನು ಅವಳು ದುಃಖ ಎಂದುಕೊಂಡಿದ್ದಳು. ಆ ದುಃಖಕ್ಕೆ ಮರುಗಿ ಎಷ್ಟು ರಾತ್ರಿ ಸೂಪು ಕಾಯಿಸಿ ಕುಡಿಸಿದ್ದಳು.

ಗೋಡೆಯೊಳಗೆ ಕೊಳವೆ ಗೊರಗೊರ ಎಂದಿತು. ಶುಕ್ರವಾರ, ನೀರು ಬಿಡುವ ದಿನ. ಮುಚ್ಚಳ ತೆಗೆದು ಕೊಳವೆ ಇಳಿಬಿಡಬೇಕು, ಇಲ್ಲದಿದ್ದರೆ ಮಂಗಳವಾರದವರೆಗೆ ಹನಿ ನೀರಿಲ್ಲ. ಅಭ್ಯಾಸಬಲದಿಂದ ಎದ್ದವಳು ಅರ್ಧಕ್ಕೇ ಕುಳಿತುಬಿಟ್ಟಳು.

"ನೀವು ಹೋಗಿ."

"ನಾನಾ?"

"ಇವತ್ತು ನೀವೇ ಹೋಗಿ, ಅತ್ತೆ."

ಹನ್ನೊಂದು ವರ್ಷದಿಂದ ಮುದುಕಿ ಆ ಮೂಲೆಗೆ ಹೆಜ್ಜೆಯಿಟ್ಟಿರಲಿಲ್ಲ. ಮೇಜು ಹಿಡಿದು ಎದ್ದರು, ಗೋಡೆ ಹಿಡಿದು ನಡೆದರು. ಮಂಡಿಯೂರಿ ಕುಳಿತು ಎರಡೂ ಕೈಯಿಂದ ಮುಚ್ಚಳ ಎಳೆದು ಕೊಳವೆ ಇಳಿಬಿಟ್ಟರು. ನೀರು ಒಳಗೆ ಬೀಳುವ ಸದ್ದು ಮೊದಲು ಆಳದಿಂದ ಬಂತು, ಆಮೇಲೆ ಮೇಲುಮೇಲಕ್ಕೆ ಬಂತು. ಅಷ್ಟು ಹೊತ್ತೂ ಅವರು ಅಲ್ಲಿಂದ ಕದಲಲಿಲ್ಲ, ಇವಳು ಇಲ್ಲಿಂದ ಕದಲಲಿಲ್ಲ. ನೀರು ನಿಂತಾಗ ಬೆಳಕು ಗೋಡೆಯ ತುದಿಗೆ ಏರಿತ್ತು.

ದೋನ್ಯಾ ಎವುಫೆಮಿಯಾ ಮುಚ್ಚಳವನ್ನು ಜಾಗಕ್ಕೆ ತಳ್ಳಿದರು. ಅದರ ಮೇಲೆ ಅಂಗೈಯಿಟ್ಟು, ಎತ್ತಿ, ತಟ್ಟಿದರು. ಮತ್ತೊಮ್ಮೆ ತಟ್ಟಿದರು.

ಬಾಗಿಲಾಚೆ ಹುಡುಗಿಯರ ನಗು ತಟ್ಟನೆ ನಿಂತಿತು.

"ಶ್! ಕೇಳಿಸ್ತಾ? ಎರಡು," ಎಂದಳು ಒಬ್ಬಳು.

ಮುದುಕಿಯ ಕೈ ಮೇಲೆತ್ತಿದ್ದು ಹಾಗೇ ನಿಂತಿತ್ತು. ಮಾರಿಕ್ರುಸ್ ಆ ಕೈಯನ್ನೇ ನೋಡುತ್ತ ಕುಳಿತಿದ್ದಳು. ಹೊರಗಿನವರೂ ಉಸಿರು ಹಿಡಿದು ಮೂರನೆಯದಕ್ಕೆ ಕಾಯುತ್ತಿದ್ದರು.